ಹೊಳವಿನ ಹೊತ್ತು ಹೇಳುವ ಸಲಹೆ

ಸಂಶೋಧನಾ ಕೇಂದ್ರಗಳಲ್ಲಿ ಕಂಡುಕೊಂಡ ತಿಳಿವಳಿಕೆಯನ್ನು ರೈತರ ಹೊಲಕ್ಕೆ ಮುಟ್ಟಿಸುವ ಕೆಲಸಕ್ಕೆ ಕೃಷಿ ವಿಸ್ತರಣೆ ಎಂದು ಹೆಸರು. ಕರ್ನಾಟಕದಲ್ಲಿ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಗಳೂ ಜಿಲ್ಲೆಗಳ ಕೃಷಿ ವಿಜ್ಞಾನ ಕೇಂದ್ರಗಳೂ ಈ ಹೊಣೆ ಹೊತ್ತಿದ್ದರೂ, ಒಬ್ಬ ಅಧಿಕಾರಿ ಹಲವು ಹಳ್ಳಿಗಳನ್ನು ಸುತ್ತಬೇಕಾದ ಕಡೆ ಸಲಹೆ ತಲುಪುವಷ್ಟರಲ್ಲಿ ರೋಗ ಹಬ್ಬಿಬಿಟ್ಟಿರುತ್ತದೆ. ಡಿಜಿಟಲ್ ಸೇವೆಗಳು ಮುಖ್ಯವಾಗಿ ತುಂಬಬೇಕಾದದ್ದು ಈ ಕಾಲದ ಅಂತರವನ್ನು.

ಮಲೆನಾಡಿನ ಅಡಿಕೆಗೆ ತಗಲುವ ಕೊಳೆರೋಗವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಶಿಲೀಂಧ್ರವನ್ನು ಹೋಲುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗವನ್ನು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿಯೇ ವಿವರಿಸಿದ್ದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿ ಮಾಡುವ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲು ಒಮ್ಮೆ, ಸುಮಾರು 40-45 ದಿನಗಳ ಮೇಲೆ ಮತ್ತೊಮ್ಮೆ ಗೊನೆಗಳಿಗೆ ಹೊಡೆಯಬೇಕೆಂಬುದೂ, ದ್ರಾವಣದಲ್ಲಿ ಅದ್ದಿದ ಕತ್ತಿಯ ಅಲಗಿಗೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂಬುದೂ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಗೊತ್ತಾಗದೆ ಉಳಿಯುವುದು, ಮಳೆ ಯಾವಾಗ ಹೊಳವಾಗುತ್ತದೆ ಎಂಬುದು. ಹೊಡೆದ ಔಷಧಿ ಒಣಗುವ ಮೊದಲೇ ಮಳೆ ಸುರಿದರೆ ಔಷಧಿಯ ಜೊತೆಗೆ ಮರ ಹತ್ತಿ ಅದನ್ನು ಹೊಡೆಯುವ ಕೊನೆಗಾರನ ಕೂಲಿಯೂ ನೀರುಪಾಲಾಗುತ್ತದೆ.

ಇಲ್ಲಿಯೇ ದತ್ತಾಂಶ ನೆರವಿಗೆ ಬರುತ್ತದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾಗಿ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆ, ಗ್ರಾಮ ಪಂಚಾಯಿತಿ ಮಟ್ಟದ ಸ್ವಯಂಚಾಲಿತ ಮಳೆಮಾಪಕಗಳಿಂದ ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ಪಡೆಯುತ್ತದೆ. ಅದರ ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿದರೆ ಮುನ್ಸೂಚನೆ ಕನ್ನಡದಲ್ಲೇ ಸಿಗುತ್ತದೆ. 2004ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕಿಸಾನ್ ಕಾಲ್ ಸೆಂಟರ್, 2019ರ ‘ಮೇಘದೂತ್’ ಆ್ಯಪ್ ಇದೇ ಹಾದಿಯವು. ಓದು ಬಾರದವರಿಗೆ ಮೊಬೈಲ್ ಸಂದೇಶಕ್ಕಿಂತ ಮಾತಿನ ಸೇವೆಯೇ ಹೆಚ್ಚು ಉಪಯುಕ್ತವಾದ್ದರಿಂದ ಅದಕ್ಕೆ ಇನ್ನೂ ಹೆಚ್ಚಿನ ಒತ್ತು ಸಿಗಬೇಕು.

ಎಲೆಯ ಫೋಟೋ ನೋಡಿ ರೋಗ ಹೇಳುವ ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ಹೆಸರು ಗುರುತಿಸಿಟ್ಟ ಸಾವಿರಾರು ಚಿತ್ರಗಳಿಂದ ರೋಗಲಕ್ಷಣಗಳನ್ನು ಕಲಿಯುವ ಇಂಥ ವ್ಯವಸ್ಥೆಯೊಂದು 54,306 ಚಿತ್ರಗಳ ಸಂಗ್ರಹವನ್ನು ಬಳಸಿದ 2016ರ ಅಧ್ಯಯನದಲ್ಲಿ ಶೇ. 99ಕ್ಕೂ ಹೆಚ್ಚು ನಿಖರತೆ ತೋರಿತಾದರೂ, ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದು ಶೇ. 31ರ ಆಸುಪಾಸಿಗೆ ಇಳಿಯಿತು. ಸಮತಟ್ಟಾದ ಹಿನ್ನೆಲೆಯ ಮೇಲೆ ಬಿಡಿಸಿಟ್ಟ ಎಲೆಯೇ ಬೇರೆ, ಗಾಳಿಗೆ ಓಲಾಡುವ, ಕೆಸರು ಮೆತ್ತಿದ ಎಲೆಯೇ ಬೇರೆ. ಎಲೆ ಹಳದಿಯಾಗಲು ಸಾರಜನಕದ ಕೊರತೆ, ಬುಡದಲ್ಲಿ ನಿಂತ ನೀರು, ವೈರಸ್ ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಬೇರಿನ ಸ್ಥಿತಿ ಫೋಟೋದಲ್ಲಿ ಕಾಣುವುದಿಲ್ಲ. ಆದ್ದರಿಂದ ಚಿತ್ರ ಬಂದೊಡನೆ ಔಷಧಿಯ ಹೆಸರು ಹೇಳುವ ಆ್ಯಪ್‌ಗಿಂತ, ಬುಡದಲ್ಲಿ ನೀರು ನಿಂತಿತ್ತೇ, ಗೊಬ್ಬರ ಕೊಟ್ಟು ಎಷ್ಟು ದಿನವಾಯಿತು ಎಂದು ಮೊದಲು ಕೇಳಿ, ಸಂಶಯ ಉಳಿದರೆ ಗಿಡವನ್ನು ಬೇರುಸಹಿತ ಕಿತ್ತು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಲು ಹೇಳುವ ಆ್ಯಪ್ ಹೆಚ್ಚು ನಂಬಿಕೆಗೆ ಅರ್ಹ.