ಕೋಳಿಯ ಕರುಳಿನಲ್ಲಿ ಕಾದು ಕುಳಿತ ಜೀವಾಣು

ಸಂಜೆ ಮೇವು ತಿಂದ ಮರಿಗಳು ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತವೆ. ಹೊರಗೆ ಗಾಯವಿಲ್ಲ. ಮಾಂಸದ ಕೋಳಿಗಳ ಶೆಡ್ಡುಗಳಲ್ಲಿ ಎರಡರಿಂದ ಐದು ವಾರದ ಮರಿಗಳಿಗೆ ಹೀಗಾಗುವುದುಂಟು. ಪಶುವೈದ್ಯರು ಹೊಟ್ಟೆ ಸೀಳಿ ನೋಡಿದರೆ ಸಣ್ಣ ಕರುಳು ಗಾಳಿ ತುಂಬಿ ಉಬ್ಬಿರುತ್ತದೆ. ಒಳಗೋಡೆ ಟರ್ಕಿ ಟವೆಲಿನಂತೆ ಒರಟಾಗಿರುತ್ತದೆ. (ಊಟದ ಹೊತ್ತಿಗೆ ಕಿರುತೆರೆಯಲ್ಲಿ ಇದನ್ನು ತೋರಿಸುವಂತಿಲ್ಲ, ಅಚ್ಚಿನಲ್ಲಿ ಹೇಳಬಹುದು!) ಇದೇ ನೆಕ್ರೋಟಿಕ್ ಎಂಟರೈಟಿಸ್, ಎಂದರೆ ಕರುಳಿನ ಒಳಪದರ ಸತ್ತು ಕಳಚುವ ರೋಗ. ಇದನ್ನು ಮೊದಲು ವಿವರಿಸಿದ್ದು ಇಂಗ್ಲೆಂಡಿನಲ್ಲಿ, 1961ರಲ್ಲಿ.

ಕಾರಣ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ. ಅದು ಮಣ್ಣಿನಲ್ಲಿ, ಧೂಳಿನಲ್ಲಿ, ಆರೋಗ್ಯವಂತ ಕೋಳಿಯ ಕರುಳಿನಲ್ಲೂ ಇರುತ್ತದೆ. ಹಾಗಾದರೆ ಎಲ್ಲ ಕೋಳಿಗಳೂ ಏಕೆ ಸಾಯುವುದಿಲ್ಲ? ತನಗೆ ಬೇಕಾದ ಅಮೈನೋ ಆಮ್ಲಗಳಲ್ಲಿ ಹೆಚ್ಚಿನವನ್ನು ತಯಾರಿಸಿಕೊಳ್ಳಲು ಅದಕ್ಕೆ ಬಾರದು. ಸಿದ್ಧ ಪ್ರೋಟೀನು ಹೇರಳವಾಗಿ ಸಿಗಬೇಕು. ಅದನ್ನು ಒದಗಿಸುವುದು ಸಾಮಾನ್ಯವಾಗಿ ಇನ್ನೊಂದು ರೋಗ, ಕಾಕ್ಸಿಡಿಯೋಸಿಸ್. ಅದರ ಏಕಕೋಶ ಜೀವಿಗಳು ಕರುಳಿನ ಗೋಡೆ ಕೆಡಿಸಿದಾಗ ರಕ್ತದ ಪ್ರೋಟೀನು ಒಳಗೆ ಸೋರುತ್ತದೆ. ಕ್ಲಾಸ್ಟ್ರಿಡಿಯಂಗೆ ಆಗ ಹಬ್ಬ! ಅನುಕೂಲ ಸ್ಥಿತಿಯಲ್ಲಿ ಅದು ಸುಮಾರು ಹತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗಬಲ್ಲದು. ಲೆಕ್ಕ ಹಾಕಿ ನೋಡಿ: ಒಂದು ಜೀವಾಣು ಎರಡು ಗಂಟೆಯಲ್ಲಿ 4,096 ಆಗುತ್ತದೆ. ಅವು ಸ್ರವಿಸುವ ವಿಷ ಕರುಳಿನ ಕೋಶಗಳಲ್ಲಿ ರಂಧ್ರ ಕೊರೆಯುತ್ತದೆ. ನೆಟ್‌ಬಿ ಎಂಬ ಈ ಮುಖ್ಯ ವಿಷವನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು ಗುರುತಿಸಿದ್ದು 2008ರಲ್ಲಿ.

ಈಗ ಧಾರವಾಡದ ಕಡೆ ಬನ್ನಿ. ಕಲಘಟಗಿಯ ಹೊಲಗಳಲ್ಲಿ ಬೆಳೆಯುವ ಗೋವಿನಜೋಳ, ಸೋಯಾಬೀನುಗಳೇ ಕೋಳಿ ಆಹಾರದ ಮುಖ್ಯ ಸರಕು. ಗೋವಿನಜೋಳ ತಿಂದ ಕೋಳಿಗೆ ಈ ರೋಗದ ಭಯ ಕಡಿಮೆ. ಗೋಧಿ, ಬಾರ್ಲಿ ಹೆಚ್ಚಾದರೆ ಕರುಳಿನ ರಸ ಅಂಟಾಗಿ, ಮೇವು ನಿಧಾನವಾಗಿ ಸಾಗುತ್ತದೆ. ಜೀವಾಣುವಿಗೆ ಬೆಳೆಯಲು ಸಮಯ ಸಿಗುತ್ತದೆ. ಆದರೆ ಮಳೆಗಾಲ ನಮ್ಮ ಪರವಾಗಿಲ್ಲ. ನವಲಗುಂದ, ಅಣ್ಣಿಗೇರಿಯ ಎರೆ ನೆಲ ನೀರು ಹಿಡಿದುಕೊಳ್ಳುತ್ತದೆ. ಶೆಡ್ಡಿನಲ್ಲಿ ಹಾಸಿದ ಭತ್ತದ ಹೊಟ್ಟು ತೇವವಾದರೆ ಕಾಕ್ಸಿಡಿಯಾ ಅಲ್ಲಿಯೇ ಬಲಿಯುತ್ತದೆ. ಹೊಟ್ಟನ್ನು ಆಗಾಗ ತಿರುವಿ ಒಣಗಿಸುವುದು ಬೇಸರದ ಕೆಲಸ, ಆದರೆ ಖರ್ಚಿಲ್ಲದ ಔಷಧ.

ಖರ್ಚಿನ ಔಷಧದ ಕಥೆಯೇ ಬೇರೆ. ದಶಕಗಳ ಕಾಲ ಮೇವಿನಲ್ಲಿ ಸ್ವಲ್ಪ ಸ್ವಲ್ಪ ಆ್ಯಂಟಿಬಯಾಟಿಕ್ ಬೆರೆಸಿ ರೋಗವನ್ನು ಅದುಮಿಟ್ಟರು. ಅಂಥ ಅಲ್ಪ ಪ್ರಮಾಣಕ್ಕೆ ಸಾಯದ ಜೀವಾಣುಗಳೇ ಉಳಿದು ಹೆಚ್ಚುತ್ತವೆ. ಅವುಗಳ ನಿರೋಧ ಶಕ್ತಿ ಮನುಷ್ಯರ ರೋಗಾಣುಗಳಿಗೂ ದಾಟಬಹುದು. ಬೆಳವಣಿಗೆಗೆಂದು ಹೀಗೆ ಬೆರೆಸುವುದನ್ನು ಸ್ವೀಡನ್ 1986ರಲ್ಲಿ, ಐರೋಪ್ಯ ಒಕ್ಕೂಟ 2006ರಲ್ಲಿ ನಿಷೇಧಿಸಿದವು. ಆಸ್ಪತ್ರೆಗಳಲ್ಲಿ ಕೊನೆಯ ಅಸ್ತ್ರವಾಗಿರುವ ಕೊಲಿಸ್ಟಿನ್‌ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು ಭಾರತ 2019ರಲ್ಲಿ ಆದೇಶಿಸಿತು. ಅಂದಹಾಗೆ, ಕೊಲಿಸ್ಟಿನ್ ಕ್ಲಾಸ್ಟ್ರಿಡಿಯಂಗೆ ನಾಟುವುದೂ ಇಲ್ಲ.

ನಿಮ್ಮ ಮನೆಯಲ್ಲಿ ಕೋಳಿಗಳು ಹೀಗೆ ಸತ್ತರೆ, ಅಂಗಡಿಯ ಮಾತ್ರೆಗೆ ಮೊದಲು ಸತ್ತ ಕೋಳಿಯನ್ನು ತಾಲೂಕು ಪಶು ಆಸ್ಪತ್ರೆಗೆ ಒಯ್ಯಲು ಅಪ್ಪನಿಗೆ ಹೇಳಿ. ಅದು ಕೊಕ್ಕರೆ ರೋಗವೂ ಇರಬಹುದು. ಅದು ವೈರಸ್ಸಿನದು; ಅದಕ್ಕೆ ಆ್ಯಂಟಿಬಯಾಟಿಕ್ ತಾಗುವುದಿಲ್ಲ, ಮೊದಲೇ ಲಸಿಕೆ ಹಾಕಿಸಿರಬೇಕು.