ಹಾಸನದ ಹೃದಯಾಘಾತದ ಭಯ: ಇಸಿಜಿ ನಾರ್ಮಲ್ ಬಂದವರ ಗತಿ ಏನು?

2025ರ ಜೂನ್ ತಿಂಗಳಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿ ಹೋದರೂ ಒಂದೇ ಮಾತು: ‘ಇನ್ನೊಬ್ರಿಗೆ ಹಾರ್ಟ್ ಅಟ್ಯಾಕ್ ಆಯ್ತಂತೆ.’ ಸುಮಾರು 40 ದಿನಗಳಲ್ಲಿ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಮಂದಿ ಹಠಾತ್ತಾಗಿ ತೀರಿಕೊಂಡ ಸುದ್ದಿ ಬಂತು. ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಟಿವಿಯವರು ದಿನಾ ಲೆಕ್ಕ ಕೊಟ್ಟರು, ವಾಟ್ಸ್‌ಆಪ್ ಆ ಲೆಕ್ಕವನ್ನು ಮನೆಮನೆಗೆ ಮುಟ್ಟಿಸಿತು. ಜುಲೈ ಹೊತ್ತಿಗೆ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನಸಾಗರ.

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಉಳಿದ ನಾಲ್ಕಕ್ಕೆ ಬೇರೆ ಕಾರಣ. ಹಾಸನದಲ್ಲಿ ಹೃದಯಾಘಾತ ಅಸಹಜವಾಗಿ ಏರಿಲ್ಲ ಎಂಬುದು ಅದರ ತೀರ್ಮಾನ. ಅಲ್ಲಿಗೆ ಸುದ್ದಿ ಮುಗಿಯಿತು, ಕ್ಯಾಮೆರಾಗಳು ಬೇರೆ ಕಡೆ ತಿರುಗಿದವು.

ಸತ್ತವರ ಲೆಕ್ಕವೇನೋ ಸಿಕ್ಕಿತು. ಆದರೆ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಓಡಿ, ಇಸಿಜಿ ಮಾಡಿಸಿ, ‘ಏನೂ ಇಲ್ಲ, ಹೋಗಿ’ ಅನ್ನಿಸಿಕೊಂಡು ವಾಪಸ್ ಬಂದವರ ಲೆಕ್ಕ ಯಾರ ಹತ್ತಿರ ಇದೆ? ಅವರಿಗೆ ನಿಜವಾಗಿಯೂ ಏನೂ ಇರಲಿಲ್ಲವೇ? ನಾನು ಇಲ್ಲಿ ಕೇಳಲು ಹೊರಟಿರುವುದು ಈ ಪ್ರಶ್ನೆಯನ್ನು. ಯಾಕಂದರೆ ‘ಏನೂ ಇಲ್ಲ’ ಎಂಬ ಮಾತು ಎಷ್ಟೋ ಸಲ ಅರ್ಧ ಸತ್ಯ. ಹೃದಯದಲ್ಲಿ ಏನೂ ಇಲ್ಲದಿರಬಹುದು, ಮನುಷ್ಯನಿಗೆ ಕಾಯಿಲೆ ಇರಬಹುದು.

ಆ ಕಾಯಿಲೆಯ ಹೆಸರು ಪ್ಯಾನಿಕ್ ಡಿಸಾರ್ಡರ್. ಕನ್ನಡದಲ್ಲಿ ಗಾಬರಿ ಕಾಯಿಲೆ ಅನ್ನಬಹುದು. ಇದ್ದಕ್ಕಿದ್ದಂತೆ ಎದೆ ಡವಡವ, ಉಸಿರು ಕಟ್ಟಿದಂಗೆ, ಬೆವರು, ಕೈಬೆರಳು ಜುಮ್ಮೆನ್ನುವುದು, ‘ಇನ್ನು ಉಳಿಯಲ್ಲ’ ಅನ್ನುವ ಭಯ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಇದು ತುತ್ತತುದಿಗೆ ಹೋಗಿ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಇಳಿದ ಮೇಲೂ ‘ಮತ್ತೆ ಬಂದರೆ?’ ಎಂಬ ಆತಂಕ ವಾರಗಟ್ಟಲೆ ಬಿಡುವುದಿಲ್ಲ. ಬಸ್ ಹತ್ತಲು ಹೆದರಿಕೆ, ಒಬ್ಬರೇ ಮಲಗಲು ಹೆದರಿಕೆ, ತೋಟಕ್ಕೆ ಹೋಗಲು ಹೆದರಿಕೆ.

ಇದು ನಾಟಕವಲ್ಲ, ದುರ್ಬಲ ಮನಸ್ಸೂ ಅಲ್ಲ. 1986ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಇದರ ಒಳಗುಟ್ಟನ್ನು ಸರಳವಾಗಿ ವಿವರಿಸಿದರು. ಮೆಟ್ಟಿಲು ಹತ್ತಿದಾಗಲೋ, ಎರಡು ಲೋಟ ಕಾಫಿ ಕುಡಿದಾಗಲೋ ಎದೆ ಸ್ವಲ್ಪ ಜೋರಾಗಿ ಹೊಡೆದುಕೊಳ್ಳುತ್ತದೆ. ಅದನ್ನು ಅಪಾಯ ಎಂದು ಓದಿಕೊಂಡರೆ ಭಯ ಹುಟ್ಟುತ್ತದೆ. ಭಯಕ್ಕೆ ಅಡ್ರಿನಲಿನ್ ಸುರಿದು ಎದೆಬಡಿತ ಇನ್ನೂ ಏರುತ್ತದೆ. ‘ನೋಡು, ಹಾರ್ಟ್ ಅಟ್ಯಾಕೇ’ ಎಂದು ಮನಸ್ಸು ತೀರ್ಪು ಕೊಡುತ್ತದೆ. ಉಸಿರಾಟ ಜೋರಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದಾಗ ತಲೆ ಸುತ್ತುತ್ತದೆ, ಬೆರಳು ಮರಗಟ್ಟುತ್ತದೆ. ಗಾಣದೆತ್ತಿನ ಹಾಗೆ ಸುತ್ತಿದ್ದೇ ಸುತ್ತು. ಮಾಮೂಲಿ ದಿನದಲ್ಲಿ ಗಮನಕ್ಕೇ ಬಾರದ ಎದೆಬಡಿತ, ಪಕ್ಕದೂರಿನ ಸಾವಿನ ಸುದ್ದಿ ಕೇಳಿದ ದಿನ ಯಮನ ಕೋಣದ ಗಂಟೆಯಾಗುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೂ ಜಯದೇವದ ಮುಂದೆ ಹೀಗೇ ಜನ ನಿಂತಿದ್ದರು.

ಹೃದ್ರೋಗ ವೈದ್ಯರಿಗೂ ಇದು ಸುಲಭವಾಗಿ ಕಾಣುವುದಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದು 1996ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಎದೆನೋವೆಂದು ಹೃದ್ರೋಗ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ 441 ಮಂದಿಯನ್ನು ಪರೀಕ್ಷಿಸಿತು. 108 ಮಂದಿಗೆ, ಅಂದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ, ಪ್ಯಾನಿಕ್ ಡಿಸಾರ್ಡರ್ ಇತ್ತು. ಅವರಲ್ಲಿ ಶೇ. 98ರಷ್ಟು ಜನರ ಕಾಯಿಲೆಯನ್ನು ಹೃದ್ರೋಗ ವೈದ್ಯರು ಗುರುತಿಸಿರಲಿಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಅದೇ ಅಧ್ಯಯನದಲ್ಲಿ ಪ್ಯಾನಿಕ್ ಇದ್ದವರ ಪೈಕಿ ಶೇ. 44ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯೂ ಇತ್ತು. ಎರಡೂ ಒಟ್ಟಿಗೆ ಇರಬಹುದು. ಹಾಗಾಗಿ ‘ಇದು ಗಾಬರಿ ಅಷ್ಟೇ’ ಎಂದು ಮನೆಯಲ್ಲೇ ತೀರ್ಮಾನ ಮಾಡಬೇಡಿ. ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಹರಡಿದರೆ, ತಣ್ಣನೆ ಬೆವರು ಬಂದರೆ, ಅದರಲ್ಲೂ ಸಕ್ಕರೆ ಕಾಯಿಲೆ, ಬಿಪಿ, ಬೀಡಿ-ಸಿಗರೇಟು ಇದ್ದವರಾದರೆ, ಮೊದಲು 108ಕ್ಕೆ ಫೋನ್, ಮೊದಲು ಇಸಿಜಿ. ನಾನು ಹೇಳುತ್ತಿರುವುದು ಹೃದಯ ಸರಿ ಇದೆ ಎಂದು ವೈದ್ಯರು ಖಚಿತಪಡಿಸಿದ ನಂತರದ ಮಾತು.

ಆಗ ಜನ ಏನು ಮಾಡುತ್ತಾರೆ? ಇನ್ನೊಂದು ಇಸಿಜಿ, ಆಮೇಲೆ ಎಕೋ, ಆಮೇಲೆ ಬೇರೆ ಊರಿನ ಇನ್ನೊಬ್ಬ ಡಾಕ್ಟರು. ಇದರಿಂದ ಸಮಾಧಾನ ಸಿಗುತ್ತದೆಯೇ? ಗಂಭೀರ ಕಾಯಿಲೆಯ ಸಾಧ್ಯತೆ ಕಡಿಮೆ ಇರುವವರಿಗೆ ಪರೀಕ್ಷೆ ಮಾಡಿಸಿದರೆ ಚಿಂತೆ ಇಳಿಯುತ್ತದೆಯೇ ಎಂದು ನೋಡಿದ 14 ಪ್ರಯೋಗಗಳನ್ನು 2013ರಲ್ಲಿ ಸಂಶೋಧಕರು ಒಟ್ಟಿಗೆ ವಿಶ್ಲೇಷಿಸಿದರು. ಒಟ್ಟು 3,828 ರೋಗಿಗಳು. ಪರೀಕ್ಷೆಗಳು ಆತಂಕವನ್ನು ಅಷ್ಟಾಗಿ ಇಳಿಸಲಿಲ್ಲ ಎಂಬುದೇ ಉತ್ತರ. ನಾರ್ಮಲ್ ರಿಪೋರ್ಟ್ ಸಂಶಯದ ಕಾಯಿಲೆಗೆ ಮದ್ದಲ್ಲ.

ಇನ್ನು ಕೆಲವರು ಹಿಡಿಯುವ ದಾರಿ ಮಾತ್ರೆ ಅಥವಾ ಎಣ್ಣೆ. ಅಲ್ಪ್ರಜೋಲಮ್ ಮಾತ್ರೆ ಅರ್ಧ ಗಂಟೆಯಲ್ಲಿ ಹಾಯೆನಿಸುತ್ತದೆ. ಅದೇ ಅದರ ಅಪಾಯ, ಬೇಗ ಅಭ್ಯಾಸ ಹತ್ತುತ್ತದೆ. 1993ರಲ್ಲಿ ಪ್ರಕಟವಾದ ಲಂಡನ್-ಟೊರಾಂಟೊ ಪ್ರಯೋಗದಲ್ಲಿ 154 ರೋಗಿಗಳಿದ್ದರು. ಹೆದರಿಕೆಯ ಜಾಗಗಳಿಗೆ ಹಂತಹಂತವಾಗಿ ಹೋಗುವ ತರಬೇತಿ ಪಡೆದವರ ಸುಧಾರಣೆ ಚಿಕಿತ್ಸೆ ಮುಗಿದ ಮೇಲೂ ಉಳಿಯಿತು. ಅಲ್ಪ್ರಜೋಲಮ್ಮಿನಿಂದ ಬಂದ ಲಾಭ ಮಾತ್ರೆ ನಿಲ್ಲಿಸಿದ ಮೇಲೆ ಉಳಿಯಲಿಲ್ಲ. ಎಣ್ಣೆಯ ಕಥೆ ಇನ್ನೂ ಕೆಟ್ಟದ್ದು. ರಾತ್ರಿ ಕುಡಿದಾಗ ಧೈರ್ಯ ಬಂದಂತಿರುತ್ತದೆ, ಬೆಳಗ್ಗೆ ಅಮಲು ಇಳಿಯುವಾಗ ಕೈನಡುಕ, ಎದೆಬಡಿತ, ಗಾಬರಿ ಬಡ್ಡಿ ಸಮೇತ ವಾಪಸ್. ಆ ಎದೆಬಡಿತಕ್ಕೆ ಮತ್ತೆ ಕುಡಿತ. ಆತಂಕ ಮತ್ತು ವ್ಯಸನವನ್ನು ಬೇರೆಬೇರೆ ಕಾಯಿಲೆ ಎಂದು ನೋಡುವುದೇ ಎಷ್ಟೋ ಚಿಕಿತ್ಸೆ ಸೋಲಲು ಕಾರಣ.

ಸರಿಯಾದ ಚಿಕಿತ್ಸೆ ಇದೆ, ದುಬಾರಿಯೂ ಅಲ್ಲ. ದೇಹದ ಸೂಚನೆಗಳನ್ನು ತಪ್ಪಾಗಿ ಓದುವುದನ್ನು ತಿದ್ದುವ ಸಿಬಿಟಿ ಎಂಬ ಆಪ್ತಸಮಾಲೋಚನೆ, ಬೇಕಾದರೆ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ. ಈ ಮಾತ್ರೆಗಳು ಕೆಲಸ ಶುರು ಮಾಡಲು ಕೆಲವು ವಾರ ಬೇಕು. ಅಷ್ಟರಲ್ಲಿ ‘ಏನೂ ಆಗ್ಲಿಲ್ಲ’ ಎಂದು ಬಿಟ್ಟುಬಿಡುವವರೇ ಜಾಸ್ತಿ. ಈ ಒಂದು ಮಾತನ್ನು ವೈದ್ಯರು ಮೊದಲೇ ಹೇಳಿದರೆ ಅರ್ಧ ಗೆದ್ದಂತೆ.

ಆದರೆ ಅಲ್ಲಿಗೆ ತಲುಪುವವರೆಷ್ಟು? ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕದಂತಹ ಸಾಮಾನ್ಯ ಮಾನಸಿಕ ಕಾಯಿಲೆಯವರಲ್ಲಿ ಶೇ. 85ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮದ್ಯವ್ಯಸನಿಗಳಲ್ಲಿ ಈ ಪ್ರಮಾಣ ಶೇ. 86.

ಪ್ರತಿ ಹೋಬಳಿಗೂ ಮನೋವೈದ್ಯರನ್ನು ತರುವುದು ಸದ್ಯಕ್ಕೆ ಆಗದ ಮಾತು. ಅದರ ಅಗತ್ಯವೂ ಇಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಒಂದು ಪ್ರಯೋಗದಲ್ಲಿ ತೀವ್ರ ಖಿನ್ನತೆಯ 495 ಮಂದಿ ಇದ್ದರು. ತರಬೇತಿ ಪಡೆದ ಸಾಮಾನ್ಯ ಜನರೇ ಸಮಾಲೋಚನೆ ನಡೆಸಿದ ಗುಂಪಿನಲ್ಲಿ ಮೂರು ತಿಂಗಳಿಗೆ ಶೇ. 64 ಮಂದಿ ಚೇತರಿಸಿಕೊಂಡರು, ಅದು ಸಿಗದ ಗುಂಪಿನಲ್ಲಿ ಶೇ. 39. ಅಲ್ಲಿ ನೋಡಿದ್ದು ಖಿನ್ನತೆಯನ್ನು, ಗಾಬರಿಯನ್ನಲ್ಲ, ನಿಜ. ಆದರೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಇಂತಹ ಕೆಲಸ ಸಾಧ್ಯ ಎಂಬುದು ಅದರಿಂದ ಗೊತ್ತಾಯಿತು. ಈ ದಾರಿಗೆ ಬುನಾದಿ ಹಾಕಿದ್ದೂ ನಮ್ಮ ರಾಜ್ಯವೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು.

ಹಾಸನದ ಗಲಾಟೆಯ ನಂತರ ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ತಾಲ್ಲೂಕು ಆಸ್ಪತ್ರೆಗಳಿಗೆ ವಿಸ್ತರಿಸುವುದಾಗಿ ಹೇಳಿತು. ಒಳ್ಳೆಯದೇ. ಆದರೆ ಇಸಿಜಿ ನಾರ್ಮಲ್ ಬಂದವರನ್ನು ಬರಿಗೈಲಿ ಕಳಿಸುವುದು ನಿಲ್ಲಬೇಕು. ‘ಈ ಭಯ ಎಷ್ಟು ದಿನದಿಂದ ಇದೆ, ಅದಕ್ಕೆ ಹೆದರಿ ಏನೇನು ಬಿಟ್ಟಿದ್ದೀರಿ, ಕುಡಿತ ಅಥವಾ ನಿದ್ದೆ ಮಾತ್ರೆ ಇದೆಯಾ’ ಎಂದು ಕೇಳಲು ಎರಡು ನಿಮಿಷ ಸಾಕು. ಹೌದು ಎಂದವರಿಗೆ ಚೀಟಿ ಬರೆದು, ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕರೆತರಲೆಂದೇ 2014ರಲ್ಲಿ ಶುರುವಾದ ಮನೋಚೈತನ್ಯ ಕ್ಲಿನಿಕ್ಕಿಗೋ, ಹಾಸನದ ಹಿಮ್ಸ್‌ಗೋ ಕಳಿಸಬೇಕು. ಮುಜುಗರ ಪಡುವವರಿಗೆ ಟೆಲಿ-ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ.

ಮುಂದಿನ ಸಲ ಯಾವುದೋ ಊರಲ್ಲಿ ಸಾವಿನ ಸುದ್ದಿ ಸಾಲುಗಟ್ಟಿದಾಗ ಜನ ಮತ್ತೆ ಎದೆ ಹಿಡಿದುಕೊಂಡು ಬರುತ್ತಾರೆ. ಅಷ್ಟರೊಳಗೆ ನಮ್ಮ ತಾಲ್ಲೂಕು ಆಸ್ಪತ್ರೆಗಳು ‘ಏನೂ ಇಲ್ಲ, ಹೋಗಿ’ ಅನ್ನುವ ಬದಲು ‘ಹೃದಯ ಚೆನ್ನಾಗಿದೆ, ಈಗ ನಿಮ್ಮ ಭಯದ ಬಗ್ಗೆ ಮಾತಾಡೋಣ, ಕೂತ್ಕೊಳ್ಳಿ’ ಅನ್ನುವುದನ್ನು ಕಲಿತಿರಬೇಕು.