ಹಾಡನ್ನು ಮಾರುವ ಲೆಕ್ಕ

ಸೇಡಮಿನ ಪೇಟೆಯಲ್ಲಿ ರೈತನೊಬ್ಬನು ಒಂದು ಚೀಲ ತೊಗರಿಯನ್ನು ಮಾರಿದನೆಂದು ಇಟ್ಟುಕೊಳ್ಳೋಣ. ಚೀಲವು ಅಡತಿಯ ಅಂಗಡಿಯನ್ನು ಸೇರಿತು; ರೈತನಲ್ಲಿ ಒಂದು ಚೀಲ ಕಡಿಮೆಯಾಯಿತು. ಶಹಾಬಾದಿನ ಗಣಿಯಿಂದ ಒಂದು ಲಾರಿ ಫರಸಿ ಕಲ್ಲು ಹೊರಟರೆ ಗಣಿಯಲ್ಲಿ ಅಷ್ಟು ಹಳ್ಳ ಉಳಿಯುತ್ತದೆ. ಕೊಟ್ಟವನಲ್ಲಿ ಕಡಿಮೆಯಾದಷ್ಟೇ ಕೊಂಡವನಲ್ಲಿ ಹೆಚ್ಚಾಗುವ ಈ ವ್ಯವಹಾರವನ್ನು ಕಂಡಾಗ ನಾವು ತರಗತಿಯಲ್ಲಿ ಕಲಿತ ದ್ರವ್ಯ ನಿತ್ಯತ್ವದ ನಿಯಮವು ನೆನಪಾಗದಿರದು. ಆದರೆ ನಮ್ಮ ಆಡಕಿಯಲ್ಲಿ ಅಮಾವಾಸ್ಯೆಯ ರಾತ್ರಿ ಭಜನೆಗೆ ಕುಳಿತ ಮುದುಕನೊಬ್ಬನು ಏಕತಾರಿಯನ್ನು ಹಿಡಿದು ತತ್ತ್ವಪದವನ್ನು ಹಾಡಿದರೆ, ಆ ಪದವು ನೂರು ಕಿವಿಗಳನ್ನು ಸೇರಿದ ಬಳಿಕವೂ ಅವನಲ್ಲಿ ಇದ್ದಂತೆಯೇ ಇರುತ್ತದೆ. ಕೊಟ್ಟರೂ ಕಡಿಮೆಯಾಗದ ವಸ್ತುವನ್ನು ಮಾರುವುದು ಹೇಗೆ? ಅದಕ್ಕೆ ಬೆಲೆ ಕಟ್ಟುವುದು ಹೇಗೆ? ಇಂದು ಕೋಟ್ಯಂತರ ರೂಪಾಯಿಗಳ ಉದ್ಯಮವೊಂದು ಈ ಪ್ರಶ್ನೆಯ ಮೇಲೆ ನಿಂತಿದೆ. ಆ ಮುದುಕನ ಪಾಲಿಗೆ ನಾಲ್ಕು ಕಾಸು ಬರುವುದೋ ಇಲ್ಲವೋ ಎಂಬುದೂ ಇದರ ಉತ್ತರವನ್ನೇ ಅವಲಂಬಿಸಿದೆ.

ಬಹುಕಾಲ ಈ ಪ್ರಶ್ನೆಗೆ ಸುಲಭವಾದ ಉಪಾಯವೊಂದಿತ್ತು. ಹಾಡನ್ನು ಯಾವುದಾದರೂ ವಸ್ತುವಿನಲ್ಲಿ ಸೆರೆಹಿಡಿದು ಆ ವಸ್ತುವನ್ನು ಮಾರಿದರಾಯಿತು! ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡಂದಿನಿಂದ ನಮ್ಮ ದೇಶದಲ್ಲಿ ಹಾಡು ತಟ್ಟೆಯಾಗಿ ಅಂಗಡಿಗೆ ಬಂದಿತು. ೧೯೬೩ರಲ್ಲಿ ಫಿಲಿಪ್ಸ್ ಸಂಸ್ಥೆಯು ಹೊರತಂದ ಕ್ಯಾಸೆಟ್ಟು ತಟ್ಟೆಗಿಂತ ಅಗ್ಗವಾಗಿ, ಹಳ್ಳಿಗಳನ್ನೂ ಹೊಕ್ಕಿತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ವು ೧೯೭೮ರಲ್ಲಿ ಕ್ಯಾಸೆಟ್ಟಾಗಿ ಹೊರಬಂದು ಕನ್ನಡದ ಭಾವಗೀತೆಗೆ ಒಂದು ಮಾರುಕಟ್ಟೆಯನ್ನೇ ತೆರೆಯಿತು. ಕ್ಯಾಸೆಟ್ಟು ತೊಗರಿಯ ಚೀಲದಂತೆ ಎಣಿಸಬಹುದಾದ ಸರಕು. ಎಷ್ಟು ಮಾರಾಟವಾಯಿತು, ಎಷ್ಟು ಉಳಿಯಿತು ಎಂಬುದನ್ನು ಅಂಗಡಿಯ ಹಲಗೆ ನೋಡಿದರೆ ತಿಳಿಯುತ್ತಿತ್ತು.

ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹಾಡನ್ನು ಇಳಿಸಿಕೊಳ್ಳುವವರು ಆಗಲೂ ಬೇಕಾದಷ್ಟು ಮಂದಿ ಇದ್ದರು. ಆದರೂ ವ್ಯಾಪಾರವು ಮುಳುಗಲಿಲ್ಲ. ಇದಕ್ಕೆ ಭೌತವಿಜ್ಞಾನದಲ್ಲಿಯೇ ಒಂದು ಕಾರಣವುಂಟು. ಶಬ್ದವೆಂದರೆ ಗಾಳಿಯ ಒತ್ತಡದಲ್ಲಿನ ಏರಿಳಿತ. ಆ ಏರಿಳಿತದ ಆಕಾರವನ್ನೇ ಟೇಪಿನ ಕಾಂತೀಯ ಕಣಗಳು ಅನುಕರಿಸುತ್ತವೆ. ಕಣಗಳು ನುಣುಪಾಗಿ ಜೋಡಣೆಗೊಂಡಿರುವುದಿಲ್ಲವಾದುದರಿಂದ ಹಾಡಿನ ಜೊತೆಗೆ ‘ಸ್ಸ್’ ಎಂಬ ಗದ್ದಲವೂ ಸೇರುತ್ತದೆ. ಒಂದು ಟೇಪಿನಿಂದ ಇನ್ನೊಂದಕ್ಕೆ ಪ್ರತಿ ಮಾಡಿದಾಗ ಹಾಡು ಯಾವುದು, ಗದ್ದಲ ಯಾವುದು ಎಂಬುದನ್ನು ಯಂತ್ರವು ಅರಿಯದು. ಎರಡನ್ನೂ ಪ್ರತಿ ಮಾಡಿ ತನ್ನ ಗದ್ದಲವನ್ನೂ ಕೂಡಿಸುತ್ತದೆ. ಪ್ರತಿಯ ಪ್ರತಿಯ ಪ್ರತಿಯಲ್ಲಿ ಗಾಯಕನು ಜಡಿಮಳೆಯಲ್ಲಿ ನಿಂತು ಹಾಡಿದಂತೆ ಕೇಳುತ್ತದೆ. ಒಳ್ಳೆಯ ಹಾಡು ಬೇಕಾದವನು ಮತ್ತೆ ಅಂಗಡಿಗೇ ಬರಬೇಕಾಗುತ್ತಿತ್ತು.

ಡಿಜಿಟಲ್ ಮುದ್ರಣದಲ್ಲಿ ಶಬ್ದದ ಆಕಾರಕ್ಕೆ ಬದಲಾಗಿ ಅಂಕಿಗಳನ್ನು ಬರೆದಿಡುತ್ತಾರೆ. ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗೆ ಗ್ರಹಿಸಬಲ್ಲುದು. ಇಂತಹ ಕಂಪನವನ್ನು ತಪ್ಪದೆ ಹಿಡಿಯಬೇಕಾದರೆ ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. ೧೯೮೨ರಲ್ಲಿ ಬಂದ ಸಿಡಿ ತಟ್ಟೆಯಲ್ಲಿ ಸೆಕೆಂಡಿಗೆ ೪೪,೧೦೦ ಸಲ ಅಳತೆ ಮಾಡಿ, ಪ್ರತಿಯೊಂದು ಅಳತೆಯನ್ನೂ ೧೬ ಬಿಟ್‌ಗಳಲ್ಲಿ, ಅಂದರೆ ಸೊನ್ನೆ ಒಂದುಗಳ ೧೬ ಸ್ಥಾನಗಳಲ್ಲಿ, ಬರೆಯುತ್ತಾರೆ. ಎಡ ಬಲ ಎರಡು ವಾಹಿನಿಗಳನ್ನು ಗಣಿಸಿದರೆ ಸೆಕೆಂಡಿಗೆ ೧೪,೧೧,೨೦೦ ಬಿಟ್‌ಗಳಾದುವು. ನಾಲ್ಕು ನಿಮಿಷದ ಹಾಡೊಂದಕ್ಕೆ ಸುಮಾರು ೪೨ ಮೆಗಾಬೈಟು. ಪ್ರತಿ ಮಾಡುವಾಗ ವಿದ್ಯುತ್ತಿನ ಮಟ್ಟವು ಅಷ್ಟಿಷ್ಟು ಏರುಪೇರಾದರೂ ಯಂತ್ರವು ಕೇಳುವ ಪ್ರಶ್ನೆ ಒಂದೇ: ಇದು ಸೊನ್ನೆಯೋ, ಒಂದೋ? ಸ್ವಲ್ಪ ಮಾಸಿದ ‘ಒಂದು’ ಕೂಡ ಒಂದೇ ಆದುದರಿಂದ ಅದನ್ನು ಹೊಸದಾಗಿ, ಸ್ವಚ್ಛವಾಗಿ ಬರೆಯುತ್ತದೆ. ಗದ್ದಲವು ಪ್ರತಿ ಹಂತದಲ್ಲಿಯೂ ತೊಳೆದುಹೋಗಿ, ಸಾವಿರದ ಪ್ರತಿಯೂ ಮೊದಲ ಪ್ರತಿಯೂ ಅಂಕಿ ತಪ್ಪದೆ ಒಂದೇ ಆಗಿರುತ್ತವೆ.

ಇದಕ್ಕೆ ಇನ್ನೊಂದು ಜಾಣತನವೂ ಸೇರಿತು. ಗಟ್ಟಿಯಾದ ಸ್ವರದ ಪಕ್ಕದಲ್ಲಿರುವ ಮೆಲ್ಲನೆಯ ಸ್ವರವು ಕಿವಿಗೆ ಕೇಳಿಸದು, ಕೇಳಿಸದುದನ್ನು ಬರೆಯುವುದೇಕೆ? ಹೀಗೆಂದು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು ಮೊದಲಾದವರು ಬೆಳೆಸಿದ ಎಂಪಿ೩ ಎಂಬ ವಿಧಾನದಲ್ಲಿ, ಸೆಕೆಂಡಿಗೆ ೧,೨೮,೦೦೦ ಬಿಟ್‌ಗಳಂತೆ ಬರೆದರೆ, ಅದೇ ನಾಲ್ಕು ನಿಮಿಷದ ಹಾಡು ೪ ಮೆಗಾಬೈಟಿಗಿಂತ ಕಡಿಮೆ ಜಾಗದಲ್ಲಿ ಕುಳಿತುಕೊಳ್ಳುತ್ತದೆ.

ಇದರ ಪರಿಣಾಮವನ್ನು ನಾನು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಲಿಲ್ಲ. ೨೦೧೦ರ ಸುಮಾರಿಗೆ ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ಭಾಗದ ಬಸ್ ನಿಲ್ದಾಣಗಳ ಬದಿಯಲ್ಲಿ ಮೊಬೈಲ್ ರಿಪೇರಿಯ ಅಂಗಡಿಗಳಿದ್ದುವು. ಅಲ್ಲಿ ಮೆಮೊರಿ ಕಾರ್ಡನ್ನು ಕೊಟ್ಟು ಇಪ್ಪತ್ತು ಮೂವತ್ತು ರೂಪಾಯಿ ತೆತ್ತರೆ, ಚಹಾ ಕುಡಿದು ಬರುವಷ್ಟರಲ್ಲಿ ಕಾರ್ಡಿನ ತುಂಬ ಹಾಡು! ಎರಡು ಗಿಗಾಬೈಟಿನ ಕಾರ್ಡಿನಲ್ಲಿ ಸುಮಾರು ೫೦೦ ಹಾಡು ಹಿಡಿಸುತ್ತಿದ್ದುದರಿಂದ ಒಂದೊಂದು ಹಾಡಿಗೆ ಐದಾರು ಪೈಸೆ ಬಿದ್ದಂತಾಯಿತು. ಈ ವ್ಯಾಪಾರವು ಕಾನೂನಿಗೆ ವಿರುದ್ಧವಾದುದೆಂಬುದು ಅಂಗಡಿಯವನಿಗಾಗಲಿ ನಮಗಾಗಲಿ ಹೊಳೆದಿರಲಿಲ್ಲ. ಹಾಡಿದವನಿಗೆ, ಬರೆದವನಿಗೆ, ರಾಗ ಹಾಕಿದವನಿಗೆ ಅದರಲ್ಲಿ ಒಂದು ಪೈಸೆಯೂ ಸಲ್ಲಲಿಲ್ಲ. ಆದರೂ ಆ ಅಂಗಡಿಯವನು ಮಾರುತ್ತಿದ್ದುದು ಏನನ್ನು ಎಂದು ಈಗ ಯೋಚಿಸುತ್ತೇನೆ. ಹಾಡುಗಳನ್ನು ಹುಡುಕಿ, ಆಯ್ದು, ತುಂಬಿಕೊಡುವ ಶ್ರಮಕ್ಕೆ ನಾವು ಹಣ ತೆತ್ತೆವು. ಪ್ರತಿಯ ವೆಚ್ಚವು ಸೊನ್ನೆಗೆ ಇಳಿದಾಗ ಬೆಲೆಯು ಇಂತಹ ಅನುಕೂಲದ ಮೇಲೆ ಬಂದು ಕೂರುತ್ತದೆ. ಮುಂದೆ ಬಂದ ದೊಡ್ಡ ಸಂಸ್ಥೆಗಳು ಮಾರಿದುದೂ ಇದನ್ನೇ.

ಅರ್ಥಶಾಸ್ತ್ರಜ್ಞರು ಇಲ್ಲಿ ಎರಡು ವೆಚ್ಚಗಳನ್ನು ಬೇರ್ಪಡಿಸುತ್ತಾರೆ. ಮೊದಲ ಪ್ರತಿಯ ವೆಚ್ಚವು ದೊಡ್ಡದು: ಕವಿ, ಗಾಯಕ, ವಾದ್ಯದವರು, ಧ್ವನಿಮುದ್ರಣಾಲಯದ ಬಾಡಿಗೆ ಇವೆಲ್ಲವೂ ಅದರಲ್ಲಿಯೇ ಅಡಗಿವೆ. ಎರಡನೆಯ ಪ್ರತಿಯಿಂದ ಮುಂದಕ್ಕೆ ವೆಚ್ಚವು ಇಲ್ಲವೆನ್ನುವಷ್ಟು ಅಲ್ಪ. ಮೊದಲ ಪ್ರತಿಯ ಸಾಲವನ್ನು ಮುಂದಿನ ಪ್ರತಿಗಳು ತೀರಿಸಬೇಕು. ಆದರೆ ಆ ಪ್ರತಿಗಳನ್ನು ಬಸ್ ನಿಲ್ದಾಣದಲ್ಲಿ ಐದು ಪೈಸೆಗೆ ಕೊಡುವವನಿದ್ದಾನೆ.

ಅಮೆರಿಕದಲ್ಲಿ ಆಪಲ್ ಸಂಸ್ಥೆಯು ೨೦೦೩ರ ಏಪ್ರಿಲ್ ೨೮ರಂದು ಐಟ್ಯೂನ್ಸ್ ಎಂಬ ಅಂತರಜಾಲದ ಹಾಡಿನಂಗಡಿಯನ್ನು ತೆರೆದು, ಹಾಡೊಂದಕ್ಕೆ ೯೯ ಸೆಂಟಿನಂತೆ ಮಾರಿ ಯಶಸ್ಸನ್ನು ಪಡೆಯಿತು. ನಮ್ಮಲ್ಲಿ ಇದೇ ಪ್ರಯೋಗವು ಬೆಂಗಳೂರಿನಲ್ಲಿ ನಡೆಯಿತು. ಪುಸ್ತಕ ಮಾರಾಟದಿಂದ ೨೦೦೭ರಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್ ಸಂಸ್ಥೆಯು ೨೦೧೨ರ ಫೆಬ್ರವರಿಯಲ್ಲಿ ‘ಫ್ಲೈಟ್’ ಎಂಬ ಹಾಡಿನ ಮಳಿಗೆಯನ್ನು ತೆರೆಯಿತು. ಹಾಡಿನ ಬೆಲೆ ಆರು ರೂಪಾಯಿಯಿಂದ ಆರಂಭ. ಕೊಂಡ ಹಾಡಿಗೆ ಬೀಗಮುದ್ರೆಯಿಲ್ಲ, ಎಂಪಿ೩ ರೂಪದಲ್ಲಿ ಯಾವ ಯಂತ್ರದಲ್ಲಿಯಾದರೂ ಕೇಳಬಹುದು. ಹೀಗಿದ್ದರೂ ೨೦೧೩ರ ಜೂನ್‌ನಲ್ಲಿಯೇ ಮಳಿಗೆಯ ಬಾಗಿಲು ಮುಚ್ಚಿತು. ಹಾಡಿನ ಕಳವು ಮತ್ತು ಸಣ್ಣ ಮೊತ್ತದ ಪಾವತಿಯ ತೊಡಕು, ಇವು ಬಗೆಹರಿಯದೆ ಈ ವ್ಯಾಪಾರವು ಬೆಳೆಯದೆಂದು ಸಂಸ್ಥೆಯೇ ಹೇಳಿತು.

ಕಳವಿನ ವಿಚಾರವು ಎಲ್ಲರಿಗೂ ತಿಳಿದುದೇ. ಎರಡನೆಯ ತೊಡಕನ್ನು ತುಸು ಬಿಡಿಸಿ ನೋಡಬೇಕು. ಬ್ಯಾಂಕಿನ ಕಾರ್ಡಿನಿಂದ ಹಣ ಕಳುಹಿಸಿದಾಗ ಮೊತ್ತವು ಎಷ್ಟೇ ಚಿಕ್ಕದಾಗಿರಲಿ, ಒಂದಿಷ್ಟು ಖರ್ಚು ತಪ್ಪದು. ಉದಾಹರಣೆಗೆ ಪಾವತಿಯೊಂದಕ್ಕೆ ಎರಡು ರೂಪಾಯಿ ಎಂದು ಭಾವಿಸೋಣ. ೬೦೦ ರೂಪಾಯಿಯ ಪುಸ್ತಕಕ್ಕೆ ಅದು ಲೆಕ್ಕಕ್ಕಿಲ್ಲ; ಆರು ರೂಪಾಯಿಯ ಹಾಡಿಗೆ ಮೂರರಲ್ಲಿ ಒಂದು ಪಾಲು. ಅದಲ್ಲದೆ ಅಂದು ಕಾರ್ಡಿದ್ದ ವಿದ್ಯಾರ್ಥಿಗಳೆಷ್ಟು ಮಂದಿ? ಪುಸ್ತಕವಾದರೆ ಮನೆಯ ಬಾಗಿಲಿಗೆ ತಂದವನ ಕೈಗೆ ನಗದು ಕೊಡಬಹುದು. ಹಾಡನ್ನು ಹೊತ್ತು ತಂದು ಬಾಗಿಲು ತಟ್ಟುವವರಿಲ್ಲ. ಆರು ರೂಪಾಯಿಗಾಗಿ ಹದಿನಾರು ಅಂಕಿಗಳನ್ನೂ ಗುಪ್ತಪದವನ್ನೂ ಒತ್ತುವ ಬೇಸರಕ್ಕಿಂತ ಬಸ್ ನಿಲ್ದಾಣದ ಅಂಗಡಿಯೇ ಹತ್ತಿರವೆನಿಸಿತು.

ಸಣ್ಣ ಪಾವತಿಯನ್ನು ಆ ದಿನಗಳಲ್ಲಿ ಸಲೀಸಾಗಿ ವಸೂಲು ಮಾಡುತ್ತಿದ್ದವರು ದೂರವಾಣಿ ಕಂಪನಿಗಳು ಮಾತ್ರ. ಕರೆ ಮಾಡಿದವರಿಗೆ ಗಂಟೆಯ ಬದಲು ಹಾಡು ಕೇಳಿಸುವ ‘ಕಾಲರ್ ಟ್ಯೂನ್’ ವಾಚಕರಿಗೆ ನೆನಪಿರಬಹುದು. ತಿಂಗಳಿಗೆ ಮೂವತ್ತು ರೂಪಾಯಿ ತಾನಾಗಿ ಕರೆನ್ಸಿಯಲ್ಲಿ ಕಡಿತವಾಗುತ್ತಿತ್ತು. ಪೂರ್ತಿ ಹಾಡಿಗೆ ಆರು ರೂಪಾಯಿ ಕೊಡದ ದೇಶವು ಅರ್ಧ ನಿಮಿಷದ ತುಣುಕಿಗೆ ತಿಂಗಳು ತಿಂಗಳೂ ಮೂವತ್ತು ಕೊಟ್ಟಿತು! ಅದರಲ್ಲಿ ದೊಡ್ಡ ಪಾಲು ದೂರವಾಣಿಯವರಿಗೇ ಉಳಿಯುತ್ತಿತ್ತು. ಗ್ರಾಹಕರು ಕೇಳದೆಯೇ ಸೇವೆಯನ್ನು ಹಚ್ಚಿ ಹಣ ಕಡಿಯುತ್ತಾರೆಂಬ ದೂರುಗಳು ಹೆಚ್ಚಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೧೧ ಮತ್ತು ೨೦೧೩ರಲ್ಲಿ ಗ್ರಾಹಕರ ಸ್ಪಷ್ಟ ಒಪ್ಪಿಗೆಯನ್ನು ಕಡ್ಡಾಯಗೊಳಿಸಿತು. ಒಪ್ಪಿಗೆ ಕೇಳತೊಡಗಿದ ಮೇಲೆ ಈ ಆದಾಯವು ಕುಗ್ಗಿತು. ಕಾರಣವನ್ನು ವಿವರಿಸುವ ಅಗತ್ಯವಿಲ್ಲವೆಂದು ಭಾವಿಸುತ್ತೇನೆ.

೨೦೧೬ರಲ್ಲಿ ಯುಪಿಐ ಬಂದು ಒಂದು ರೂಪಾಯಿಯ ಪಾವತಿಯೂ ಸುಲಭವಾಯಿತು. ವಿಚಿತ್ರವೆಂದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಅಂತರಜಾಲದ ದರವು ನೆಲ ಕಚ್ಚಿತು. ಹಾಡನ್ನು ಕೊಂಡು ಇಟ್ಟುಕೊಳ್ಳುವ ಅಗತ್ಯವೇ ಇಲ್ಲವಾಯಿತು. ಬೇಕೆಂದಾಗ ಹರಿದು ಬರುವ ಹಾಡನ್ನು ಕೇಳಿ ಬಿಡುವ ‘ಸ್ಟ್ರೀಮಿಂಗ್’ ಪದ್ಧತಿಯು ಹರಡಿತು. ಗಾನಾ, ಜಿಯೋಸಾವನ್, ೨೦೧೯ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ ಮೊದಲಾದ ಸಂಸ್ಥೆಗಳು ಚಂದಾ ಹಣದಿಂದಲೋ ಜಾಹೀರಾತಿನಿಂದಲೋ ಗಳಿಸುತ್ತವೆ. ಇಲ್ಲಿಯೂ ನೆಲೆ ನಿಲ್ಲುವುದು ಸುಲಭವಲ್ಲ. ವಿಂಕ್ ಸಂಸ್ಥೆಯು ೨೦೨೪ರಲ್ಲಿ ಅಂಗಡಿ ಕಟ್ಟಿತು.

ಈಗ ಹಂಚಿಕೆಯ ಲೆಕ್ಕಕ್ಕೆ ಬರೋಣ. ಒಂದು ಸಲ ಕೇಳಿದುದಕ್ಕೆ ಇಷ್ಟು ಪೈಸೆ ಎಂಬ ನಿಗದಿಯಾದ ದರವಿದೆಯೆಂದು ಅನೇಕರು ತಿಳಿದಿರುವರು. ಸಾಮಾನ್ಯವಾಗಿ ಹಾಗಿಲ್ಲ. ತಿಂಗಳ ಹಣವನ್ನೆಲ್ಲ ಒಂದು ಹುಂಡಿಯಲ್ಲಿ ಕೂಡಿಹಾಕಿ, ಸಂಸ್ಥೆಯ ಪಾಲನ್ನು ಕಳೆದು, ಉಳಿದುದನ್ನು ಒಟ್ಟು ಕೇಳುವಿಕೆಯ ಪ್ರಮಾಣದಲ್ಲಿ ಹಂಚುತ್ತಾರೆ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ವಾಡಿಯ ಒಬ್ಬ ವಿದ್ಯಾರ್ಥಿ, ಚಿಂಚೋಳಿಯ ಒಬ್ಬ ಹಿರಿಯರು, ಇವರಿಬ್ಬರೇ ಚಂದಾದಾರರು. ತಲಾ ೧೦೦ ರೂಪಾಯಿ ಚಂದಾ. ಸಂಸ್ಥೆಯು ೩೦ರಂತೆ ಇಟ್ಟುಕೊಂಡು ಹುಂಡಿಯಲ್ಲಿ ೧೪೦ ಉಳಿಯಿತು. ವಿದ್ಯಾರ್ಥಿಯು ತಿಂಗಳಲ್ಲಿ ೯೫೦ ಸಲ ಸಿನಿಮಾ ಹಾಡನ್ನು ಕೇಳಿದನು. ಹಿರಿಯರು ೫೦ ಸಲ ತತ್ತ್ವಪದವನ್ನು ಮಾತ್ರ ಕೇಳಿದರು. ಸಾವಿರದಲ್ಲಿ ೫೦ ಎಂದರೆ ನೂರಕ್ಕೆ ಐದು. ತತ್ತ್ವಪದಕ್ಕೆ ೭ ರೂಪಾಯಿ, ಸಿನಿಮಾ ಹಾಡಿಗೆ ೧೩೩. ಸಿನಿಮಾ ಹಾಡನ್ನು ಒಮ್ಮೆಯೂ ಕೇಳದ ಹಿರಿಯರ ೭೦ ರೂಪಾಯಿಗಳಲ್ಲಿ ೬೩ ಅತ್ತ ಹೋಯಿತು!

ಪ್ರತಿಯೊಬ್ಬನ ಹಣವನ್ನು ಅವನು ಕೇಳಿದವರಿಗೇ ಹಂಚಿದರೆ ಇದೇ ಉದಾಹರಣೆಯಲ್ಲಿ ಎರಡೂ ಕಡೆಗೆ ೭೦ ಬರುತ್ತಿತ್ತು. ಸೌಂಡ್‌ಕ್ಲೌಡ್ ಎಂಬ ಸಂಸ್ಥೆಯು ೨೦೨೧ರಲ್ಲಿ ಸ್ವತಂತ್ರ ಕಲಾವಿದರಿಗೆ ಇಂತಹ ಪದ್ಧತಿಯನ್ನು ತಂದಿತು. ನನಗೆ ಇದೇ ಹೆಚ್ಚು ನ್ಯಾಯವೆಂದು ತೋರುತ್ತದೆ. ಆದರೆ ದೊಡ್ಡ ಸಂಸ್ಥೆಗಳ ಗಾಳಿಯು ಬೇರೆ ದಿಕ್ಕಿನಲ್ಲಿ ಬೀಸುತ್ತಿದೆ. ಹಿಂದಿನ ೧೨ ತಿಂಗಳಲ್ಲಿ ೧,೦೦೦ ಸಲವಾದರೂ ಕೇಳಲ್ಪಡದ ಮುದ್ರಿಕೆಗೆ ಹುಂಡಿಯಿಂದ ಏನೂ ಇಲ್ಲವೆಂಬ ನಿಯಮವನ್ನು ಸ್ಪಾಟಿಫೈ ೨೦೨೪ರಲ್ಲಿ ಜಾರಿಗೆ ತಂದಿತು. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬೇಕಾದರೆ, ಸಾಮಾನ್ಯ ದಾರಿಯಲ್ಲಿ, ೧,೦೦೦ ಚಂದಾದಾರರೂ ವರ್ಷಕ್ಕೆ ೪,೦೦೦ ಗಂಟೆಗಳ ವೀಕ್ಷಣೆಯೂ ಇರಬೇಕು. ಎಂಟು ನಿಮಿಷದ ಪದವನ್ನು ೩೦,೦೦೦ ಸಲ ಪೂರ್ತಿಯಾಗಿ ಕೇಳಿದರೆ ಈ ೪,೦೦೦ ಗಂಟೆ ತುಂಬುತ್ತದೆ.

ಹಣ ಬಂದರೂ ಯಾರಿಗೆ ಎಂಬುದು ಮತ್ತೊಂದು ಮಾತು. ೧೯೫೭ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಾಹಿತ್ಯ, ರಾಗಸಂಯೋಜನೆ, ಧ್ವನಿಮುದ್ರಿಕೆ ಇವು ಬೇರೆ ಬೇರೆ ಸ್ವತ್ತುಗಳು. ೨೦೧೨ರ ತಿದ್ದುಪಡಿಯಿಂದ ಚಿತ್ರಗೀತೆಯ ಕವಿಗೂ ಸಂಗೀತಗಾರನಿಗೂ ಚಿತ್ರಮಂದಿರದ ಹೊರಗಣ ಬಳಕೆಯಲ್ಲಿ ಬಿಟ್ಟುಕೊಡಲಾಗದ ಪಾಲು ದೊರೆಯಿತು. ೧೯ನೆಯ ಶತಮಾನದ ಕಡಕೋಳ ಮಡಿವಾಳಪ್ಪನವರ ಪದಗಳಿಗೆ ಇಂದು ಒಡೆಯರಿಲ್ಲ, ಯಾರು ಬೇಕಾದರೂ ಹಾಡಬಹುದು. ಆದರೆ ಹಾಡಿದವನಿಗೆ ತನ್ನ ಗಾಯನದ ಮೇಲೆ ಪ್ರದರ್ಶಕನ ಹಕ್ಕುಂಟು; ಅವನ ಒಪ್ಪಿಗೆಯಿಲ್ಲದೆ ಮುದ್ರಿಸಿ ಮಾರುವಂತಿಲ್ಲ. ಜಾತ್ರೆಯಲ್ಲಿ ಮೊಬೈಲು ಹಿಡಿದು ಮುದ್ರಿಸಿಕೊಂಡವನು ತನ್ನ ಚಾನೆಲಿಗೆ ಏರಿಸಿ ಗಳಿಸುವಾಗ ಇದನ್ನು ಕೇಳುವವರು ಅಪರೂಪ. ನನ್ನ ವಿದ್ಯಾರ್ಥಿಯೊಬ್ಬನು ತನ್ನ ಅಜ್ಜನ ಭಜನೆಯನ್ನು ಏರಿಸಿದಾಗ ಇದಕ್ಕಿಂತಲೂ ವಿಚಿತ್ರವಾದುದು ನಡೆಯಿತು. ಅದು ತಮ್ಮದೆಂದು ಒಂದು ಸಂಗೀತ ಸಂಸ್ಥೆಯ ಹೆಸರಿನಲ್ಲಿ ಹಕ್ಕೊತ್ತಾಯ ಬಂದಿತು. ಹಳೆಯ ಧಾಟಿಯೊಂದೇ ಆದುದರಿಂದ, ಶಬ್ದದ ಗುರುತನ್ನು ಹೋಲಿಸುವ ಯಂತ್ರವು ಅಜ್ಜನ ಕಂಠವನ್ನು ಅವರ ಮುದ್ರಿಕೆಯೆಂದೇ ಬಗೆದಿತ್ತು. ಆಕ್ಷೇಪವನ್ನು ಬರೆದು ಕಳುಹಿಸಿದ ಮೇಲೆ ಕೆಲವು ವಾರಗಳಲ್ಲಿ ಅದು ತೊಲಗಿತು. ಆಕ್ಷೇಪ ಬರೆಯಲು ಅವಕಾಶವಿದೆಯೆಂಬುದೇ ಹುಡುಗನಿಗೆ ತಿಳಿದಿರಲಿಲ್ಲ.

ಮೂವತ್ತು ಸೆಕೆಂಡು ಕೇಳಿದರೆ ಅನೇಕ ಸಂಸ್ಥೆಗಳ ಲೆಕ್ಕದಲ್ಲಿ ಒಂದು ಕೇಳುವಿಕೆಯಾಯಿತು. ಎರಡು ನಿಮಿಷದ ಹಾಡಿಗೂ ಒಂದೇ, ಎಂಟು ನಿಮಿಷದ ಪದಕ್ಕೂ ಒಂದೇ. ಚಿಕ್ಕ ಹಾಡನ್ನು ಮಾಡಿದವನು ಅದೇ ಎಂಟು ನಿಮಿಷದಲ್ಲಿ ನಾಲ್ಕು ಕೇಳುವಿಕೆಗಳನ್ನು ಗಳಿಸುತ್ತಾನೆ. ಆಡಕಿಯ ಭಜನೆಯಲ್ಲಿ ಏಕತಾರಿಯ ಶ್ರುತಿ ಕೂಡಿ, ದಮ್ಮಡಿಯವನು ಹೊಂದಿಸಿಕೊಂಡು, ಹಿರಿಯರು ಗಂಟಲು ಸರಿಪಡಿಸಿ ಪಲ್ಲವಿಯನ್ನು ಎತ್ತುವ ಹೊತ್ತಿಗೆ ಆ ಮೂವತ್ತು ಸೆಕೆಂಡುಗಳು ಕಳೆದಿರುತ್ತವೆ.